ಡ್ರಿಲ್ ಸರ್ ಅವರಿಗಿಂತ ಮುಂಚೆ ಹೋದ ಕಾಲು

ಹೋದ ತಿಂಗಳು ನಮ್ಮ ಡ್ರಿಲ್ ಸರ್ ತೀರಿಕೊಂಡರು. ಉಳಿದದ್ದೂ ತೀರಿಕೊಂಡಿತು ಎನ್ನುವುದೇ ಸರಿಯಾದ ಮಾತು. ಅವರ ಬಲಗಾಲು ಕೆಲವು ವರ್ಷ ಮೊದಲೇ ಹೋಗಿ, ಮಾನ್ವಿಯ ಕ್ರೈಸ್ತರ ಸ್ಮಶಾನದಲ್ಲಿ ಪ್ರಾರ್ಥನೆ ಸಮೇತ ಮಣ್ಣು ಸೇರಿತ್ತು. ಆ ಕಾಲಿನ ಮಣ್ಣಿಗೆ ನಾನೂ ಹೋಗಿದ್ದೆ. ಹೋಗಿದ್ದೆ ಅಂತ ಏನು, ಅದನ್ನು ಒಯ್ದದ್ದೇ ನಮ್ಮ ಗಾಡಿಯಲ್ಲಿ. ಇದನ್ನು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ನಗಲಿ ಬಿಡಿ. ಸರ್ ಇದ್ದಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವರು ಅವರೇ.

ದೇವದುರ್ಗದ ಹೈಸ್ಕೂಲೊಂದರಲ್ಲಿ ಅವರು ದೈಹಿಕ ಶಿಕ್ಷಕರು, ನಾನು ವಿಜ್ಞಾನದ ಟೀಚರು. ಇಬ್ಬರ ಮನೆಯೂ ರಾಯಚೂರಿನಲ್ಲಿ. ಬೆಳಗಿನ ಬಸ್ಸಿಗೆ ಅವರೇ ಮೊದಲು ಬಂದು, ನನ್ನ ಜಾಗಕ್ಕೆ ಟವೆಲು ಹಾಸಿ ಕಾಯುತ್ತಿದ್ದರು. ತಾವು ಮಾತ್ರ ಕೂರುತ್ತಿರಲಿಲ್ಲ. ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತು, ಹಿಮ್ಮಡಿ ಎತ್ತಿ ಇಳಿಸಿ, ಎತ್ತಿ ಇಳಿಸಿ ವ್ಯಾಯಾಮ ಮಾಡುತ್ತ ದೇವದುರ್ಗ ಮುಟ್ಟುತ್ತಿದ್ದರು. ಹೊಸದಾಗಿ ಬಂದ ಕಂಡಕ್ಟರುಗಳು ಇವರಿಗೆ ಏನೋ ಅವಸರವಾಗಿದೆ ಎಂದು ತಿಳಿದು, ಬಸ್ಸು ನಿಲ್ಲಿಸಲೇನು ಎಂದು ಕೇಳಿದ್ದೂ ಉಂಟು. ಕುಳ್ಳಗಿನ ಆಳು, ಬಿಳಿ ಬೂಟು, ಕೊರಳಲ್ಲಿ ಸೀಟಿ. ಸೀಟಿ ಇಲ್ಲದಿದ್ದರೂ ನಡೆಯುತ್ತಿತ್ತು, ಅಂಥ ಗಂಟಲು.

ಅವರ ತಂದೆ ಅರಕೇರಾ ಕಡೆಯ ಕೂಲಿಯವರು. ಮನೆಮಂದಿಯೆಲ್ಲ ಕ್ರೈಸ್ತ ಸಭೆಗೆ ಸೇರಿದ ಮೇಲೆ, ಇವರಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ ಗೂಗಲ್ ಹತ್ತಿರ ಕೃಷ್ಣಾ ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟಿದ್ದರಂತೆ. ಪಾದ್ರಿಗಳು ಎತ್ತುವ ಮೊದಲೇ ನಾನು ನೀರಿನೊಳಗೆ ಒಂದು ಸುತ್ತು ಈಜಿ ಬಂದೆ, ಪಾದ್ರಿಗಳು ಗಾಬರಿಯಾಗಿ ದಡದಲ್ಲಿದ್ದವರನ್ನು ಕೂಗಿದರು ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದರು. ಎಷ್ಟು ನಿಜವೋ ಎಷ್ಟು ಒಗ್ಗರಣೆಯೋ, ದೇವರಿಗೇ ಗೊತ್ತು.

ಶಾಲೆಯಲ್ಲಿ ಅವರು ಧರ್ಮದ ಮಾತೆತ್ತಿದವರಲ್ಲ. ಆದರೆ ಅವರ ನಂಬಿಕೆ ಅವರ ಕೆಲಸದೊಳಗೇ ಇತ್ತು. ಮೈ ಎನ್ನುವುದು ಇಲ್ಲಿ ಬಿಟ್ಟು ಹೋಗುವ ಸಾಮಾನಲ್ಲ, ಕೊಟ್ಟವನು ಒಂದು ದಿನ ಇದನ್ನೇ ಎಬ್ಬಿಸುತ್ತಾನೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಹಾಗಾಗಿ ಹುಡುಗರ ಉಗುರು, ಹಲ್ಲು, ಕಿವಿ ಎಲ್ಲದರ ತಪಾಸಣೆ ನಡೆಯುತ್ತಿತ್ತು. ಒಮ್ಮೆ ಹತ್ತನೇ ಕ್ಲಾಸಿನವನೊಬ್ಬ ಗುಟ್ಕಾ ಹಾಕಿಕೊಂಡು ಸಿಕ್ಕಿಬಿದ್ದ. ಬಾಯಿ ನಂದು, ನಿಮಗೇನು ಎಂದು ಎದುರು ಮಾತಾಡಿದ. ನಾನಾಗಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ. ಇವರು ಹುಡುಗನ ಹೆಗಲ ಮೇಲೆ ಕೈ ಹಾಕಿ, ಅದು ನಿನ್ನದಲ್ಲ, ಕೊಟ್ಟಾವ ಇನ್ನೊಮ್ಮೆ ತೋರಿಸು ಅಂತ ಕೇಳ್ತಾನ, ಆಗ ಈ ಕೆಂಪು ಗೋಡೆ ತೋರಿಸುತ್ತೀಯೇನು ಎಂದು ಕೇಳಿದರು. ಹುಡುಗ ಗುಟ್ಕಾ ಬಿಟ್ಟನೋ ಇಲ್ಲವೋ ತಿಳಿಯದು, ಅವರಿದ್ದ ದಿಕ್ಕಿಗೆ ಬಾಯಿ ತೆರೆಯುವುದನ್ನಂತೂ ಬಿಟ್ಟ.

ನನಗೆ ಇದೆಲ್ಲ ತಮಾಷೆ. ನಾನು ಲಿಂಗಾಯತರ ಮನೆಯವಳು, ಯಜಮಾನರದು ರೈಸ್ ಮಿಲ್ಲು, ಓದಿದ್ದು ಜೀವಶಾಸ್ತ್ರ. ಸತ್ತ ಮೇಲೆ ಮೈಗೆ ಏನಾಗುತ್ತದೆಂದು ಪಾಠ ಮಾಡಿಯೇ ಸಂಬಳ ಎಣಿಸುವವಳು. ಆದ್ದರಿಂದ ಬಸ್ಸಿನಲ್ಲಿ ಕೆದಕುತ್ತಿದ್ದೆ. ಮಣ್ಣು ಸೇರಿದ್ದು ಮಣ್ಣಾಗುತ್ತದೆ, ಮಣ್ಣಿನಿಂದ ಜೋಳ, ಜೋಳದಿಂದ ಇನ್ನೊಬ್ಬರ ಮೈ, ನಿಮ್ಮ ದೇವರು ಯಾರ ಪಾಲು ಯಾರಿಗೆ ಅಂತ ಹಂಚುತ್ತಾನೆ ಸರ್ ಎಂದು ಕೇಳುತ್ತಿದ್ದೆ. ಅದು ಆತನ ತಲೆಬೇನೆ, ನಾ ಯಾಕೆ ತಲೆ ಕೆಡಿಸಿಕೊಳ್ಳಲಿ ಎನ್ನುತ್ತಿದ್ದರು. ಒಂದು ದಿನ ಮಾತ್ರ ಸೀರಿಯಸ್ಸಾಗಿಯೇ ಹೇಳಿದರು.

"ನಿಮಗ ಅಂಗಿ ಬದಲ ಮಾಡೋ ರೂಢಿ ಅದ ಮೇಡಮ್ಮಾರ. ಹಳೇದು ಬಿಚ್ಚಿ ಒಗೀತೀರಿ, ಹೊಸಾದು ಹಾಕ್ಕೋತೀರಿ. ನಮ್ಮದು ಒಂದೇ ಯೂನಿಫಾರಂ. ಹರೀಲಿ, ಮಣ್ಣಾಗಲಿ, ದೇವ್ರು ಅದನ್ನೇ ತೊಳದು, ಇಸ್ತ್ರಿ ಮಾಡಿ, ತಿರಗಿ ನಮಗೇ ಕೊಡ್ತಾನ. ಆತ್ಮ ಒಂದೇ ಪಾಸಾಗಿ ಮೈ ಫೇಲಾದ್ರ ಅದೆಂಥಾ ರಿಜಲ್ಟು ಹೇಳ್ರಿ?"

ಇಷ್ಟು ಚೆಂದದ ಉತ್ತರ ಕೊಡುವ ಮನುಷ್ಯ ಆ ಯೂನಿಫಾರಂ ಅನ್ನು ತಾನೇ ಜೋಪಾನ ಮಾಡಲಿಲ್ಲ, ನೋಡಿ. ಸಕ್ಕರೆ ಕಾಯಿಲೆ. ಅದರ ಮೇಲೆ ಜಿಲೇಬಿಯ ಹುಚ್ಚು. ದೇವದುರ್ಗದ ಸಂತೆಯ ದಿನ ಬಿಸಿ ಜಿಲೇಬಿ ಪೇಪರಿನಲ್ಲಿ ಕಟ್ಟಿಸಿಕೊಂಡು, ಸ್ಪೋರ್ಟ್ಸ್ ರೂಮಿನಲ್ಲಿ ವಾಲಿಬಾಲ್ ನೆಟ್ಟಿನ ಮರೆಗೆ ನಿಂತು ತಿನ್ನುತ್ತಿದ್ದರು. ಮೈಯನ್ನು ದೇವರ ಗುಡಿ ಎನ್ನುತ್ತೀರಿ, ಹೀಗಾ ನೋಡಿಕೊಳ್ಳುವುದು ಎಂದು ನಾನು ಬೈದರೆ, ಗುಡಿ ಅಂದ ಮೇಲೆ ಪ್ರಸಾದ ಬೇಡವೇ ಎಂದು ಬೆರಳು ನೆಕ್ಕುತ್ತಿದ್ದರು.

ಮನೆಯಲ್ಲಿ ಇದು ನಡೆಯುತ್ತಿರಲಿಲ್ಲ. ಅವರ ಹೆಂಡತಿ ನರ್ಸು. ನಾವೆಲ್ಲ ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ದಪ್ಪ ಗಾಜಿನ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಗಂಡ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಬಾಯಿ ಮೂಸಿ, ಸಂತೆಗೆ ಹೋಗಿದ್ದಿರೇನು ಎಂದು ಕೇಳುತ್ತಿದ್ದರಂತೆ. ಇಡೀ ಶಾಲೆಯ ಬಾಯಿ ತಪಾಸಣೆ ಮಾಡುವವರ ಬಾಯಿ ತಪಾಸಣೆ ಮಾಡಲು ಆಕೆ ಇದ್ದರು. ಆ ಸಿಸ್ಟರ್ ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ತವರು ಮಾನ್ವಿ. ತಂದೆ ತಾಯಿ ಇರುವ ಕಡೆಯೇ ತನ್ನನ್ನೂ ಇಡಬೇಕೆಂದು ಹೇಳಿದ್ದರಿಂದ ಮಾನ್ವಿಯಲ್ಲೇ ಮಣ್ಣಾಯಿತು. ಅಲ್ಲಿನ ಸಭೆಯ ಹಿರಿಯರು ಸಿಸ್ಟರ್ ಬಲಗಡೆಯ ಜಾಗವನ್ನು ಡ್ರಿಲ್ ಸರ್‌ಗೆಂದು ಬಿಟ್ಟುಕೊಟ್ಟರು. ಸಣ್ಣ ಸ್ಮಶಾನ ಅದು, ಹಾಗೆ ಬಿಡುವುದೇ ದೊಡ್ಡ ಮಾತು.

ಹೆಂಡತಿ ಇರುವವರೆಗೆ ಕದ್ದು ತಿನ್ನುತ್ತಿದ್ದ ಜಿಲೇಬಿಯನ್ನು ಆಕೆ ಹೋದ ಮೇಲೆ ಎಲ್ಲರ ಎದುರಿಗೇ ತಿಂದರು. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು. ಆಮೇಲಾಮೇಲೆ ಅವರಿಗೆ ಉಳಿದಿದ್ದು ಒಂದೇ ಆಸೆ. ಕಡೆಯ ದಿನ ಕಹಳೆ ಊದಿದಾಗ ತಾನು ಸಿಸ್ಟರ್ ಪಕ್ಕದಿಂದಲೇ ಏಳಬೇಕು. ಎದ್ದ ಕೂಡಲೇ ಆಕೆ ಕನ್ನಡಕಕ್ಕೆ ಕೈ ಆಡಿಸುತ್ತಾಳೆ, ಆಗ ಕೈಗೆ ನಾನು ಸಿಗಬೇಕು ಎನ್ನುತ್ತಿದ್ದರು. ಎಬ್ಬಿಸಿದ ಮೈಗೆ ಕಣ್ಣೂ ಹೊಸದಾಗಿರುತ್ತದಲ್ಲ ಸರ್, ಕನ್ನಡಕ ಯಾಕೆ ಎಂದು ನಾನು ಅವರ ಶಾಸ್ತ್ರವನ್ನೇ ಅವರಿಗೆ ತಿರುಗಿಸಿದೆ. ಅದು ನಿಜವೇ, ಆದರೆ ಆಕೆಗೆ ನೆನಪಾಗಲು ಒಂದು ಗಳಿಗೆ ಬೇಕಲ್ಲ ಎಂದರು.

ರಿಟೈರ್ ಆದ ಮೇಲೆ ರಾಯಚೂರಿನಲ್ಲೇ ಮಗಳ ಮನೆಯಲ್ಲಿದ್ದರು. ಬಲಗಾಲಿನ ಬೆರಳಿಗೆ ಆದ ಸಣ್ಣ ಗಾಯ ಮಾಯಲಿಲ್ಲ. ಕಪ್ಪಾಯಿತು, ಮೇಲೇರಿತು. ಡಾಕ್ಟರು ಮೊಣಕಾಲಿನ ಕೆಳಗೆ ತೆಗೆಯಲೇಬೇಕೆಂದರು. ನಾನು ಧೈರ್ಯ ಹೇಳೋಣವೆಂದು ಆಸ್ಪತ್ರೆಗೆ ಹೋದರೆ, ಅವರು ಮಂಚದ ಮೇಲೆ ಕೂತು ನರ್ಸಿನೊಂದಿಗೆ ವಾದ ಹಾಕುತ್ತಿದ್ದರು. ತೆಗೆದ ಕಾಲನ್ನು ತಮಗೆ ಕೊಡಬೇಕು. ಅದನ್ನು ಆಸ್ಪತ್ರೆಯವರೇ ವಿಲೇವಾರಿ ಮಾಡುತ್ತಾರೆ ಎಂದು ಆಕೆ ಹೇಳಿದಷ್ಟೂ ಇವರು ಪಟ್ಟು ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಕಾಲನ್ನು ಮಾನ್ವಿಗೆ ಒಯ್ದು ತನ್ನ ಜಾಗದಲ್ಲೇ ಇಟ್ಟು ಬರಬೇಕು, ಮಗಳು ಆಸ್ಪತ್ರೆ ಬಿಟ್ಟು ಬರುವ ಹಾಗಿಲ್ಲ, ನೀವೇ ಹೋಗಿ ಎಂದರು. ಒಂದು ಇಲ್ಲಿ ಒಂದು ಅಲ್ಲಿ ಇಟ್ಟು ದೇವರಿಗೆ ಯಾಕೆ ಹುಡುಕಾಟದ ಕೆಲಸ ಹಚ್ಚಬೇಕು ಎನ್ನುವುದು ಅವರ ತರ್ಕ. ಆತ್ಮದಲ್ಲಿಯೂ ಒಂದು ತುಂಡು ಕಾಲಿನ ಜೊತೆ ಹೋಗುತ್ತದೆಯೇ ಎಂದು ಕೇಳಿದೆ. ಕಾಲಿನಲ್ಲಿ ಆತ್ಮವಿದ್ದಿದ್ದರೆ ನಾನು ಇಂದಿನಿಂದ ಕುಂಟಾತ್ಮ ಆಗುತ್ತಿದ್ದೆ ಎಂದು ನಕ್ಕರು. ನಗುವಾಗ ಕೈ ಮಾತ್ರ ಆ ಕಾಲಿನ ಮೇಲೇ ಇತ್ತು, ಅದನ್ನು ಸವರುತ್ತಿತ್ತು.

ಮಾನ್ವಿಯಲ್ಲಿ ಇದು ಸುಲಭವಾಗಿ ಒಪ್ಪಿತವಾಗಲಿಲ್ಲ. ಸಭೆಯ ಹಿರಿಯರಲ್ಲಿ ಮುಖ್ಯರು ಒಬ್ಬ ನಿವೃತ್ತ ಹೆಡ್ ಮಾಸ್ತರರು. ಕಟ್ಟುನಿಟ್ಟಿನ ಮನುಷ್ಯ. ನಮ್ಮ ಸ್ಮಶಾನದಲ್ಲಿ ವಿಶ್ವಾಸಿಗಳಿಗೆ ಮಾತ್ರ ಜಾಗ, ಕಾಲಿಗೆಂದು ಯಾವ ಪದ್ಧತಿಯೂ ಇಲ್ಲ ಎಂದು ಫೋನಿನಲ್ಲಿ ಹೇಳಿದರಂತೆ. ಡ್ರಿಲ್ ಸರ್ ಮಲಗಿದಲ್ಲಿಂದಲೇ, ಹೊಳೆಗೆ ಇಳಿದಾಗ ಎಲ್ಲಕ್ಕಿಂತ ಮೊದಲು ದೀಕ್ಷಾಸ್ನಾನ ಆಗಿದ್ದೇ ಈ ಕಾಲಿಗೆ, ತಲೆಯ ಪಾಳಿ ಆಮೇಲೆ ಬಂತು ಎಂದು ಉತ್ತರ ಕೊಟ್ಟರು. ಹೆಡ್ ಮಾಸ್ತರರು ನಕ್ಕರೋ ಸೋತರೋ, ಅಂತೂ ಒಪ್ಪಿದರು.

ನಮ್ಮ ಯಜಮಾನರು ಮಿಲ್ಲಿನ ಬಡಗಿಗೆ ಒಂದು ಪೆಟ್ಟಿಗೆ ಮಾಡಲು ಹೇಳಿದರು. ಏನಿಡಲು ಎಂದು ಅವನು ಕೇಳಿದಾಗ ಏನು ಹೇಳಬೇಕೋ ತೋಚದೆ ಹಾರ್ಮೋನಿಯಂ ಎಂದುಬಿಟ್ಟಿದ್ದಾರೆ. ಪುಣ್ಯಾತ್ಮ ಪೆಟ್ಟಿಗೆಗೆ ಹಿಡಿಕೆಯನ್ನೂ ಹಚ್ಚಿಕೊಟ್ಟ. ಆಮೇಲೆ ಆ ಹಿಡಿಕೆಯಿಂದ ನಮಗೆ ಅನುಕೂಲವೇ ಆಯಿತು.

ಗಾಡಿ ನಡೆಸಿದವನು ಮಿಲ್ಲಿನ ಡ್ರೈವರ್ ಚಾಂದಪಾಶಾ. ಹಿಂದಿನ ಸೀಟಿನಲ್ಲಿ ಏನಿದೆ ಎಂದು ತಿಳಿದ ಮೇಲೆ ಹಾಡು ಬಂದ್ ಮಾಡಿದ, ಟೋಪಿ ಸರಿ ಮಾಡಿಕೊಂಡ. ಯಾವತ್ತೂ ಹಾರ್ನ್ ಮೇಲಿಂದ ಕೈ ತೆಗೆಯದವನು ಅಂದು ಒಮ್ಮೆಯೂ ಹಾರ್ನ್ ಹೊಡೆಯದೆ ನಡೆಸಿದ. ತಮ್ಮಲ್ಲಿಯೂ ಹೀಗೆ ತೆಗೆದದ್ದಕ್ಕೆ ಮಣ್ಣು ಕೊಡುತ್ತಾರೆ ಎಂದು ಹೇಳಿ ನನಗೆ ಸಮಾಧಾನ ಮಾಡಿದ. ನಮ್ಮಲ್ಲೂ ಮಣ್ಣೇ, ಕೂರಿಸಿ ಕೊಡುತ್ತೇವೆ ಎಂದೆ ನಾನು. ಹೀಗೆ ಗಾಡಿಯಲ್ಲಿದ್ದ ಮೂರೂ ಪಕ್ಷದವರು ಮಣ್ಣಿನ ವಿಷಯದಲ್ಲಿ ಒಮ್ಮತಕ್ಕೆ ಬಂದೆವು. ಇದನ್ನು ನಾನು ಡ್ರಿಲ್ ಸರ್‌ಗೆ ಹೇಳಿದಾಗ, ನಿಮ್ಮವರು ಕೂತು ಕಾಯುತ್ತಾರೆ, ನಾವು ಮಲಗಿ ಕಾಯುತ್ತೇವೆ, ಕಾಯುವುದು ಯಾರಿಗೂ ತಪ್ಪಿದ್ದಲ್ಲ ಎಂದರು.

ಅಲ್ಲಿ ಹೋಗಿ ನೋಡಿದರೆ ಸಿಸ್ಟರ್ ಪಕ್ಕದ ಜಾಗ ಸ್ವಚ್ಛವಾಗಿ ಗುಡಿಸಿ, ನೀರು ಹೊಡೆದು ತಯಾರಾಗಿತ್ತು. ಗುಡಿಸಿದವಳು ಹುಲಿಗೆವ್ವ. ಈ ಮುದುಕಿಯ ಬಗ್ಗೆ ಇಲ್ಲೇ ಹೇಳಬೇಕು. ಕಲ್ಲೂರಿನ ಕೂಲಿ ಮನೆತನದವಳು, ಗಂಡ ಸತ್ತ ಮೇಲೆ ಮಾನ್ವಿಗೆ ಬಂದು ಚರ್ಚಿನ ಅಂಗಳ, ಸ್ಮಶಾನ ಎರಡನ್ನೂ ಗುಡಿಸಿಕೊಂಡಿದ್ದಳು. ಆರಾಧನೆ ಮುಗಿಯುವವರೆಗೆ ಬಾಗಿಲ ಹೊರಗೆ ಚಪ್ಪಲಿ ಕಾಯುತ್ತ ಕೂತು, ಒಳಗಿನವರಿಗಿಂತ ಒಂದು ಸಾಲು ಮುಂದೆ ಹಾಡುತ್ತಿದ್ದಳು. ಆದರೆ ಆಕೆಗೆ ದೀಕ್ಷಾಸ್ನಾನ ಆಗಿರಲಿಲ್ಲ. ಮಗನಿಗೆ ಜಾತಿ ಸರ್ಟಿಫಿಕೇಟಿನ ಮೇಲೆ ಗುಮಾಸ್ತನ ನೌಕರಿ ಸಿಕ್ಕಿತ್ತು. ತಾಯಿ ಕ್ರೈಸ್ತಳಾದರೆ ಎಲ್ಲಿ ಅದಕ್ಕೆ ಕುತ್ತು ಬರುತ್ತದೋ ಎಂದು ಅಂಜಿಕೆ. ಬರುತ್ತದೋ ಇಲ್ಲವೋ ಬಲ್ಲವರು ಹೇಳಬೇಕು, ಅಂಜಿಕೆಯಂತೂ ಖರೆ ಇತ್ತು. ನಾನು ಕೇಳಿದ್ದಕ್ಕೆ ಆಕೆ ಮುಚ್ಚುಮರೆ ಮಾಡಲಿಲ್ಲ.

"ನೀರು ಹಾಕಿಸ್ಕೊಂಡ್ರ ಮಗನ ನೌಕರಿಗೆ ತೊಡಕಾಗ್ತದಂತ ಯವ್ವಾ. ಯೇಸಪ್ಪಗ ಹೇಳೀನಿ, ನನ್ನ ಮಗ ರಿಟೈರ್ ಆಗೂತನ ಜರಾ ತಡಿಯಪ್ಪಾ ಅಂತ. ಆತನೂ ಒಬ್ಬ ತಾಯಿ ಮಗಾನೇ ಅಲ್ಲೇನು, ತಿಳೀತದ."

ಪ್ರಾರ್ಥನೆ ಮಾಡಬೇಕಾದ ಪಾಸ್ಟರು ಇನ್ನೂ ಎಳೆಯ ವಯಸ್ಸಿನವರು. ಓದು ಮುಗಿಸಿ ಬಂದ ಹೊಸತು. ಪೆಟ್ಟಿಗೆ ಇಳಿಸಿದ ಮೇಲೆ ನಮ್ಮ ಪ್ರಿಯ ಸಹೋದರನ ಎಂದು ಶುರು ಮಾಡಿ ಅಲ್ಲಿಗೇ ನಿಂತರು. ಸಹೋದರ ರಾಯಚೂರಿನ ಆಸ್ಪತ್ರೆಯಲ್ಲಿ ಗಂಜಿ ಕುಡಿಯುತ್ತಿದ್ದಾನೆ, ಇಲ್ಲಿ ಯಾರನ್ನು ಯಾರ ಕೈಗೆ ಒಪ್ಪಿಸುವುದು? ಚಾಂದಪಾಶಾ ನೆಲ ನೋಡುತ್ತ ನಿಂತ, ನಾನು ಆಕಾಶ ನೋಡಿದೆ. ಕೊನೆಗೆ ಹುಲಿಗೆವ್ವನೇ, ಈ ಕಾಲು ಬಾಳ ಓಡ್ಯಾದ, ಇನ್ನು ಮಲಗಲಿ ಅನ್ರಿ ಅಯ್ಯನೋರ ಎಂದು ಮೆಲ್ಲಗೆ ಹೇಳಿಕೊಟ್ಟಳು. ಪಾಸ್ಟರು ಅದನ್ನೇ ಹೇಳಿದರು. ನನ್ನ ಜೀವಮಾನದಲ್ಲಿ ಅಷ್ಟು ಸರಿಯಾದ ಪ್ರಾರ್ಥನೆ ನಾನು ಕೇಳಿಲ್ಲ.

ಕಾಲು ಹೋದ ಮೇಲೆ ಡ್ರಿಲ್ ಸರ್ ಕುಗ್ಗುತ್ತಾರೆ ಎಂದುಕೊಂಡಿದ್ದೆ. ಬಗಲಲ್ಲಿ ಕೋಲು ಬಂತು, ಜಿಲೇಬಿ ನಿಂತಿತು, ಅಷ್ಟೇ. ಹೆಂಗಿದ್ದೀರಿ ಎಂದು ಯಾರಾದರೂ ಕೇಳಿದರೆ ಸ್ವಲ್ಪ ರಾಯಚೂರಿನಲ್ಲಿ, ಸ್ವಲ್ಪ ಮಾನ್ವಿಯಲ್ಲಿ ಎನ್ನುತ್ತಿದ್ದರು. ಇಲ್ಲದ ಕಾಲಿಗೆ ಒಮ್ಮೊಮ್ಮೆ ಕಚಗುಳಿ ಇಟ್ಟಂತೆ ಆಗುತ್ತಿತ್ತು ಅವರಿಗೆ. ಅದು ನರಗಳ ಆಟ, ಕತ್ತರಿಸಿದ ಮೇಲೂ ಮಿದುಳಿಗೆ ನೆನಪಿರುತ್ತದೆ ಎಂದು ನಾನು ಚಿತ್ರ ಬಿಡಿಸಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, ಹುಲಿಗೆವ್ವ ಕಸ ಹೊಡೆಯುತ್ತಿರಬೇಕು ಎಂದರು. ಇಂಥವರಿಗೆ ವಿಜ್ಞಾನ ಹೇಳುವುದೇ ವ್ಯರ್ಥ. ತಿಂಗಳಿಗೊಮ್ಮೆ ಮಾನ್ವಿಗೆ ಹೋಗಿ ಸಿಸ್ಟರ್ ಹತ್ತಿರ ಕೂತು ಬರುತ್ತಿದ್ದರು. ಚಾಂದಪಾಶಾನಿಗೆ ಅತ್ತ ಕೆಲಸವಿದ್ದರೆ ನಮ್ಮ ಗಾಡಿಯಲ್ಲಿ, ಇಲ್ಲದಿದ್ದರೆ ಬಸ್ಸಿನಲ್ಲಿ. ನನ್ನ ಜಾಗ ಬೆಚ್ಚಗೆ ಇಡಲು ಕಾಲನ್ನು ಬಿಟ್ಟು ಬಂದಿದ್ದೇನೆ ಎಂದು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹಾಗೆ ಹೋದ ದಿನ ನಾನೂ ಜೊತೆಗಿದ್ದೆ. ಮಾನ್ವಿಯಲ್ಲಿ ನಮ್ಮ ನೆಂಟರ ಮದುವೆ ಮಾತುಕತೆ ಇತ್ತು, ಇವರನ್ನು ಚರ್ಚಿನ ಹತ್ತಿರ ಇಳಿಸಿ ಮುಂದೆ ಹೋಗುವುದೆಂದು ಹೊರಟಿದ್ದೆ. ಹೋಗಿ ನೋಡಿದರೆ ಚರ್ಚಿನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಹುಲಿಗೆವ್ವನ ಹೆಣ. ಹಿಂದಿನ ಸಂಜೆ ಅಂಗಳ ಗುಡಿಸಿ ಕೂತವಳು ಮತ್ತೆ ಎದ್ದಿರಲಿಲ್ಲ. ಮಗ ತಲೆ ತಗ್ಗಿಸಿ ಪಕ್ಕದಲ್ಲಿ ಕೂತಿದ್ದ. ಊರಿಗೆ ಒಯ್ಯೋಣವೆಂದರೆ ಕಲ್ಲೂರಿನ ಬಳಗದವರು, ಇದ್ದಾಗ ನಮ್ಮ ದೇವರಿಗೆ ಬರಲಿಲ್ಲ, ಸತ್ತ ಮೇಲೆ ಯಾಕೆ ಬರುತ್ತಾಳೆ, ಅಲ್ಲೇ ಮಾಡಿ ಎಂದಿದ್ದರು. ಇಲ್ಲಿ ಹಿರಿಯರು ಕೂಡಿ, ದೀಕ್ಷಾಸ್ನಾನ ಆಗಿಲ್ಲ, ಮೇಲಾಗಿ ಸ್ಮಶಾನ ತುಂಬಿಹೋಗಿದೆ, ಕಾದಿಟ್ಟ ಜಾಗ ಬಿಟ್ಟರೆ ಬೇರೆ ಇಲ್ಲ ಎಂದು ಕೂತಿದ್ದರು. ಹೆಡ್ ಮಾಸ್ತರರು ಕೆಟ್ಟವರೇನಲ್ಲ. ಹುಲಿಗೆವ್ವನಿಗೆ ಹೊದಿಸಿದ್ದ ಹೊಸ ಸೀರೆ ಅವರ ಮನೆಯದೇ. ಒಬ್ಬರಿಗೆ ನಿಯಮ ಮುರಿದರೆ ನಾಳೆ ಯಾರನ್ನು ತಡೆಯಲಿ ಎಂಬುದು ಅವರ ಕಷ್ಟ. ಪಾಸ್ಟರಂತೂ ಎರಡೂ ಕಡೆ ನೋಡುತ್ತ ಬೆವರುತ್ತಿದ್ದರು. ಬಿಸಿಲು ಏರುತ್ತಿತ್ತು. ಆ ಬಿಸಿಲಿನಲ್ಲಿ ಹೆಣ ಬಹಳ ಹೊತ್ತು ತಡೆಯುವುದಿಲ್ಲ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಡ್ರಿಲ್ ಸರ್ ಕೋಲು ಊರಿಕೊಂಡು ಹುಲಿಗೆವ್ವನ ತಲೆಯ ಹತ್ತಿರ ಹೋಗಿ ನಿಂತರು. ಆಮೇಲೆ ತನ್ನ ಜಾಗ ಈಕೆಗೆ ಕೊಡಿ ಎಂದರು. ಹೆಡ್ ಮಾಸ್ತರರು ಗಾಬರಿಯಾದರು. ಅದು ನಿಮ್ಮ ಮನೆಯವರ ಪಕ್ಕದ ಜಾಗ, ಅದು ಹೋದರೆ ನಿಮಗೆ ಮಾನ್ವಿಯಲ್ಲಿ ಮತ್ತೆ ಜಾಗವಿಲ್ಲ, ಮತ್ತು ಜಾಗದ್ದೊಂದೇ ಅಲ್ಲ, ಆಕೆ ಒಳಗಿನವಳೇ ಅಲ್ಲವಲ್ಲ ಎಂದರು. ಆಗ ನಮ್ಮ ಸರ್ ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ. ಮೈದಾನದ ಗಂಟಲಲ್ಲ, ಮೆಲ್ಲಗೆ ಹೇಳಿದರು.

"ನನ್ನ ಕಾಲಿಗೆ ಜಾಗಾ ಕೊಟ್ರಿ ಮಾಸ್ತರ. ಅದೇನು ನಂಬಿಕಿ ಇಟ್ಟಿತ್ತು, ಅದೇನು ಪ್ರಾರ್ಥನಾ ಮಾಡಿತ್ತು? ನನ್ನ ಮೈಗೆ ಹತ್ತಿಕೊಂಡಿತ್ತು ಅಂತ ಒಳಗ ಬಿಟ್ರಿ. ನಾವು ಎಲ್ಲಾರೂ ಒಂದೇ ಮೈ ಅಂತ ವಾರ ವಾರ ಹೇಳ್ತೀವಿ. ಈಕಿ ಇಷ್ಟು ವರ್ಷ ಈ ಮೈಗೆ ಹತ್ತಿಕೊಂಡೇ ಇದ್ಲು. ಕೊಳತ ಕಾಲಿಗೆ ಸಿಗೋ ಜಾಗಾ ಈಕಿಗೆ ಸಿಗಂಗಿಲ್ಲೇನ್ರಿ?"

ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಎದ್ದು ಹೋಗಿ ಗುದ್ದಲಿ ತೆಗೆಯಲು ಹೇಳಿದರು. ಪಾಸ್ಟರ ಮುಖದಲ್ಲಿ ಜೀವ ಬಂತು. ಹುಲಿಗೆವ್ವನ ಮಗ ಡ್ರಿಲ್ ಸರ್ ಹತ್ತಿರ ಬಂದು ಅವರ ಒಂದೇ ಕಾಲನ್ನು ಮುಟ್ಟಿ ಅತ್ತ. ನಾನು ವಿಜ್ಞಾನದ ಟೀಚರು, ಆಣೆ ಮಾಡಿ ಹೇಳುತ್ತೇನೆ, ಆ ಅಂಗಳದಲ್ಲಿ ಆ ಹೊತ್ತು ನನಗೂ ದೇವರಿದ್ದಾನೆ ಅನ್ನಿಸಿತು.

ಅಗೆಯುವವರು ಕಾಲಿನ ಪೆಟ್ಟಿಗೆ ಏನು ಮಾಡುವುದೆಂದು ಕೇಳಿದರು. ಬೇಕಾದರೆ ರಾಯಚೂರಿಗೆ ಒಯ್ಯಿರಿ ಎಂದರು ಹೆಡ್ ಮಾಸ್ತರರು. ಡ್ರಿಲ್ ಸರ್ ಬೇಡವೆಂದರು. ಇಷ್ಟು ದಿನ ಇಲ್ಲಿದ್ದು ಸಿಸ್ಟರ್‌ಗೆ ರೂಢಿಯಾಗಿದೆ, ಹುಲಿಗೆವ್ವನ ಬಲಕ್ಕೆ ಅಲ್ಲೇ ಇರಲಿ ಎಂದರು. ಚರ್ಚಿನಲ್ಲಿ ಯಾರ ಚಪ್ಪಲಿ ತಪ್ಪಿದರೂ ಹುಡುಕಿ ಕೊಟ್ಟವಳು ಆಕೆ, ನನ್ನ ಕಾಲು ಬಿಟ್ಟು ಬರುತ್ತಾಳೇನು ಎಂದು ಕೇಳಿದರು. ಅಷ್ಟು ಹೊತ್ತಿನ ಮೇಲೆ ಎಲ್ಲರೂ ನಕ್ಕರು. ಮಣ್ಣು ಕೊಡುವಲ್ಲಿ ನಗುವುದೇ ಎಂದು ಯಾರೂ ಬೈಯಲಿಲ್ಲ. ನಗುತ್ತಲೇ ಹುಲಿಗೆವ್ವನನ್ನು ಒಪ್ಪ ಮಾಡಿದೆವು. ನಮ್ಮ ನೆಂಟರ ಮಾತುಕತೆ ನನ್ನನ್ನು ಬಿಟ್ಟೇ ಮುಗಿದುಹೋಗಿತ್ತು.

ತಿರುಗಿ ಬರುವಾಗ ಗಾ‌ಡಿಯಲ್ಲಿ ಅವರು ಏನೇನೋ ಹರಟಿದರು. ಮಳೆ, ಭತ್ತದ ರೇಟು, ಹೊಸ ಡ್ರಿಲ್ ಮಾಸ್ತರನಿಗೆ ಸೀಟಿ ಊದಲು ಬರುವುದಿಲ್ಲ ಎಂಬ ದೂರು. ನಾನೂ ಹೂಂ ಎನ್ನುತ್ತ ಬಂದೆ. ಕಲ್ಲೂರು ದಾಟುವಾಗ ಇದ್ದಕ್ಕಿದ್ದಂತೆ ಸುಮ್ಮನಾದರು. ನೋಡಿದರೆ ಅಳುತ್ತಿದ್ದಾರೆ. ಮಕ್ಕಳ ಹಾಗೆ ಅಂಗೈಯಿಂದ ಮೂಗು ಒರೆಸಿಕೊಂಡು ಅಳುತ್ತಿದ್ದಾರೆ. ಚಾಂದಪಾಶಾ ಗಾಡಿ ಪಕ್ಕಕ್ಕೆ ಹಾಕಿ ತಾನು ಕೆಳಗಿಳಿದು ದೂರ ಹೋಗಿ ನಿಂತ. ನೀವು ಮಾಡಿದ್ದು ಸರಿಯಾಗಿಯೇ ಇದೆ ಸರ್, ಸಿಸ್ಟರ್ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದರು ಎಂದು ನಾನು ಸಮಾಧಾನ ಹೇಳಿದೆ. ಸರಿ ಇರುವುದು ನನಗೂ ಗೊತ್ತು ಎಂದರು.

"ದೇವ್ರಿಗೆ ನಾ ಎಲ್ಲಿದ್ರೂ ಸಿಗ್ತೀನಿ ಮೇಡಮ್ಮಾರ. ಆ ಚಿಂತಿ ಇಲ್ಲ. ಆಕಿ ಎದ್ದು ಕೈ ಆಡಿಸಿದಾಗ ಬ್ಯಾರೆ ಯಾರೋ ಸಿಗ್ತಾರಲ್ಲ. ನಾ ಎಲ್ಲಿ ಅದೀನಿ ಅಂತ ಆಕಿಗೆ ಯಾರು ಹೇಳ್ತಾರ?"

ದೇವರು ಹೇಳುತ್ತಾನೆ ಬಿಡಿ ಎಂದು ಬಾಯಿಗೆ ಬಂತು. ಆದರೆ ನಂಬದವಳು ನಂಬಿದವರಿಗೆ ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಸುಮ್ಮನೆ ಅವರ ಕೈ ಹಿಡಿದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅವರೇ ಮುಖ ಒರೆಸಿಕೊಂಡು, ಚಾಂದಪಾಶಾನನ್ನು ಮೈದಾನದ ಗಂಟಲಿನಲ್ಲಿ ಕೂಗಿ ಕರೆದರು. ಆ ಮಾತನ್ನು ಮತ್ತೆ ಯಾವತ್ತೂ ಎತ್ತಲಿಲ್ಲ.

ಆಮೇಲೆ ಒಂದಷ್ಟು ಕಾಲ ಚೆನ್ನಾಗಿಯೇ ಇದ್ದರು. ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ರಾಯಚೂರಿನಲ್ಲೇ ಮಣ್ಣಾಯಿತು. ಮಾನ್ವಿಯಿಂದ ಪಾಸ್ಟರು, ಹೆಡ್ ಮಾಸ್ತರರು, ಹುಲಿಗೆವ್ವನ ಮಗ ಎಲ್ಲ ಬಂದಿದ್ದರು. ಸರ್ ಕೈಕೆಳಗೆ ಆಡಿ ಬೆಳೆದ ದೇವದುರ್ಗದ ಹುಡುಗರು, ಈಗ ಅವರೇ ಮಕ್ಕಳೊಂದಿಗರು, ಯಾರೂ ಹೇಳದಿದ್ದರೂ ಸಾಲಾಗಿ ನಿಂತಿದ್ದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅತ್ತೆ. ಬಸ್ಸಿನಲ್ಲಿ ಅಷ್ಟು ವರ್ಷ ವಾದ ಮಾಡಿ ನಾನು ಗೆದ್ದದ್ದು ಏನೂ ಇಲ್ಲ ಎಂದು ಅನ್ನಿಸಿ ಇನ್ನಷ್ಟು ಅತ್ತೆ.

ಮನೆಗೆ ಬಂದು ಸ್ನಾನ ಮಾಡಿದರೂ ಸಮಾಧಾನವಾಗಲಿಲ್ಲ. ಯಾರು ಹೇಳುತ್ತಾರೆ ಎಂದು ಅವರು ಕೇಳಿದ್ದು ನನ್ನನ್ನೇ ಅಲ್ಲವೇ, ಗಾಡಿಯಲ್ಲಿ ಬೇರೆ ಯಾರಿದ್ದರು? ಮರುದಿನ ಬೆಳಿಗ್ಗೆ ಚಾಂದಪಾಶಾನನ್ನು ಕರೆಸಿದೆ. ಎಲ್ಲಿಗೆ ಎಂದು ಯಜಮಾನರು ಕೇಳಿದರು, ಮಾನ್ವಿಗೆ ಎಂದೆ.

ಸ್ಮಶಾನದಲ್ಲಿ ಯಾರೂ ಇರಲಿಲ್ಲ. ಹುಲಿಗೆವ್ವ ಇಲ್ಲದೆ ಬೇವಿನ ಎಲೆಗಳು ದಪ್ಪಗೆ ಬಿದ್ದಿದ್ದವು. ಸಿಸ್ಟರ್ ಗೋರಿಯ ಹತ್ತಿರ ಸೆರಗು ಹೊದ್ದು ಕೂತೆ. ಇದೆಲ್ಲ ಆಗುವಂಥದ್ದೆಂದು ನಾನು ಈಗಲೂ ನಂಬಿಲ್ಲ. ಒಂದು ವೇಳೆ ಆದರೆ ಆ ಹೆಣ್ಣುಮಗಳು ಕೈ ಆಡಿಸಿ ಹುಡುಕುತ್ತ ಗಾಬರಿಯಾಗಬಾರದು, ನನಗೆ ಬೇಕಾಗಿದ್ದು ಅಷ್ಟೇ. ಅತ್ತಿತ್ತ ನೋಡಿ, ಬಗ್ಗಿ, ಗಟ್ಟಿಯಾಗಿಯೇ ಹೇಳಿದೆ.

"ಸಿಸ್ಟರ್, ಸರ್ ರಾಯಚೂರಾಗ ಅದಾರ. ನಿಮ್ಮ ಬಾಜೂಕ ಇರಾಕಿ ಹುಲಿಗೆವ್ವ, ಅಂಜಬ್ಯಾಡ್ರಿ. ಕಾಲು ಆಕಿ ಹತ್ರಾನೇ ಅದ. ಸರ್ ಒಂದೇ ಕಾಲಿನ್ಯಾಗ ಬರಬೇಕು, ತಡಾ ಆಗ್ತದ. ನೀವಿಬ್ರೂ ಅದನ್ನ ತಗೊಂಡು ಕಲ್ಲೂರುತನ ಎದುರ ಹೋಗ್ರಿ."